ಹರಿದ ಬಲತೋಳು

ನಾನು ಒಗೆಸಿಕೊಳ್ಳಲೆಂದೇ ಹುಟ್ಟಿದ ಗೊಂಬೆ. ನನಗೆ ಬಾಯಿಲ್ಲ. ಕಣ್ಣೂ ಇಲ್ಲ, ಆದರೂ ಕಾಣುತ್ತದೆ. ಎರಡು ಕೈ, ಎರಡು ಕಾಲು, ಒಂದು ಕುತ್ತಿಗೆ ಇವೆ. ಎತ್ತಿ ನೆಲಕ್ಕೆ ಒಗೆಯುವವರಿಗೆ ಅಷ್ಟೇ ಸಾಕು.

ನನ್ನನ್ನು ಹೆತ್ತವಳು ಸತ್ತೆವ್ವ, ಬೆಳಗಾವಿ ಸೀಮೆಯ ಒಂದು ಊರಿನಲ್ಲಿ ಹಳೆಯ ಸೀರೆಗಳನ್ನು ಸೇರಿಸಿ ಹೊದೆಯುವ ಕೌದಿ ಹೊಲಿಯುವ ಮುದುಕಿ. ಆ ಊರಿನ ಹಳೆಯ ಕುಸ್ತಿ ಗರಡಿಯ ಕೆಮ್ಮಣ್ಣು ತೆಗೆಸಿ, ಮ್ಯಾಟ್ ಹಾಸಿ, ಕಿಲ್ಲೇದಾರ ಸರ್ ಹುಡುಗಿಯರಿಗೆ ಜೂಡೊ ಕಲಿಸುತ್ತಿದ್ದರು. ಒಂದು ದಿನ ಅವರು ಸತ್ತೆವ್ವನ ಕಟ್ಟೆಗೆ ಬಂದು ಕೂತರು.

"ಆಯಿ, ಇಷ್ಟ ದಿನ ಕೌದಿ ಹೊಲದಿ. ಈಗ ನನಗೊಬ್ಬ ಮನಷ್ಯಾನ್ನ ಹೊಲದ ಕೊಡು."

"ಯಾಕೋ ತಮ್ಮಾ, ದೇವ್ರು ಮಾಡಿದ ಮಂದಿ ಸಾಲವಲ್ರೇನು?"

"ಅವರನ್ನ ಒಗದ್ರ ಅಳತಾರ, ಆಯಿ."

ಸತ್ತೆವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಹಾಗೆ ನಾನು ಹುಟ್ಟಿದೆ. ಲಾರಿಯ ಹಳೆಯ ತಾಡಪಾಲು ನನ್ನ ಚರ್ಮ. ಒಳಗಿನ ಮಾಂಸವೆಲ್ಲ ಅವಳದೇ ಸೀರೆಗಳು. ಮದುವೆಯ ಇಳಕಲ್ಲು ಎದೆಯಲ್ಲಿದೆ, ಗಂಡ ಸತ್ತ ವರ್ಷದ ಬಿಳಿ ಸೀರೆ ಎಡಗಾಲಲ್ಲಿದೆ. ಪಕ್ಕದಲ್ಲಿ ಮೊಮ್ಮಗಳು ಬಾಳವ್ವ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಒಂದೊಂದು ದಾರಕ್ಕೆ ಒಂದೊಂದು ಕಥೆ, ಅದು ಅವರಿಬ್ಬರ ಕರಾರು. ಏಳು ಸಮುದ್ರದ ಆಚೆ ಗಿಣಿಯ ಕುತ್ತಿಗೆಯಲ್ಲಿ ಜೀವವಿಟ್ಟು ಬಂದ ರಾಕ್ಷಸನ ಕಥೆಯನ್ನು ನಾನು ನನ್ನ ಬಲತೋಳು ಹೊಲಿಯುವಾಗ ಕೇಳಿದೆ.

"ಆಯಿ, ಈ ಗೊಂಬಿ ಜೀವ ಎಲ್ಲಿಟ್ಟಿ?"

"ನಾ ಹೊಟ್ಟಿ ಅಷ್ಟ ತುಂಬಸಾಕಿ, ಮಗಾ. ಜೀವದ್ದು ನನಗ ಗೊತ್ತಿಲ್ಲ."

ಕೊನೆಯ ಹೊಲಿಗೆಗೆ ಮುಂಚೆ ಅವಳು ಜೋಳದ ರೊಟ್ಟಿಯ ಒಂದು ಚೂರನ್ನು ನನ್ನ ಹೊಟ್ಟೆಯೊಳಗೆ ತುರುಕಿದಳು. ಪ್ರತಿ ಕೌದಿಗೂ ಅವಳು ಹಾಗೆಯೇ ಮಾಡುತ್ತಿದ್ದಳು. "ಹಸದ ಹೊಟ್ಟಿ ಮುಚ್ಚಬಾರದು. ಹಸದ ಕೌದಿ ಹೊದ್ದಾರ್ನ ತಿಂತೈತಿ."

ಗರಡಿಯಲ್ಲಿ ಹುಡುಗಿಯರು ನನ್ನನ್ನು 'ಮಾಮಾ' ಎಂದು ಕರೆದರು. ಮಾಮಾನನ್ನು ಎಷ್ಟು ಒಗೆದರೂ ದೋಷವಿಲ್ಲವಲ್ಲ! ಒಬ್ಬೊಬ್ಬಳೂ ನನ್ನ ಕೊರಳಪಟ್ಟಿ ಹಿಡಿದು, ಗಿರಕ್ಕನೆ ತಿರುಗಿ, ಬೆನ್ನ ಮೇಲೆ ಹೊತ್ತು ನೆಲಕ್ಕೆ ಅಪ್ಪಳಿಸುತ್ತಿದ್ದಳು. ಸರ್ ಮೊದಲ ದಿನವೇ ಒಂದು ಮಾತು ಹೇಳಿದ್ದರು: "ಬಲಗೈ ಕೊರಳಪಟ್ಟಿಗೆ, ಎಡಗೈ ಎದುರಿನಾಕಿ ಬಲತೋಳಿಗೆ. ಒಗದ ಮ್ಯಾಲೂ ಆ ತೋಳ ಬಿಡಬ್ಯಾಡ್ರಿ, ಮ್ಯಾಲಕ್ಕ ಜಗ್ಗಿ ಹಿಡೀರಿ. ಬೀಳಾಕಿ ಜೀವ ನಿಮ್ಮ ಎಡಗೈಯಾಗ ಇರತೈತಿ."

ನನಗೆ ಗಿಣಿಯ ನೆನಪಾಯಿತು. ಓ, ಜೀವ ಇರುವುದು ಅಲ್ಲೇ ಏನು ಎಂದುಕೊಂಡೆ.

ಬಾಳವ್ವನೂ ಅದೇ ಗರಡಿ ಸೇರಿದಳು. ಅವಳ ತೂಕ ನಲವತ್ತನಾಲ್ಕು ಕಿಲೋ. ಅವಳಿಗಿಂತ ಎರಡು ವರ್ಷ ದೊಡ್ಡವಳಾದ ಮಂದಾಕಿನಿಯದೂ ಅದೇ ತೂಕ. ರಾಜ್ಯದ ಪಂದ್ಯಕ್ಕೆ ಒಂದು ತೂಕಕ್ಕೆ ಒಬ್ಬಳೇ. ಮಂದಾಕಿನಿ ಹಿಂದಿನ ವರ್ಷ ಕಂಚು ತಂದವಳು. ಹಾಗಾಗಿ ಸರ್ ಬಾಳವ್ವನನ್ನು ಅವಳ ಎದುರಿಗೆ ಬೀಳಲು ನಿಲ್ಲಿಸಿದರು. ದಿನಕ್ಕೆ ನೂರು ಸಲ, ಒಮ್ಮೊಮ್ಮೆ ಇನ್ನೂರು ಸಲ ಬೀಳಬೇಕು, ಏಳಬೇಕು.

"ಸರ್, ನಾ ಒಗಿಯೂದು ಯಾವಾಗ್ರಿ?"

"ನೀ ಮೊದ್ಲ ಬೀಳಾಕ ಕಲಿ."

ಒಂದು ವರ್ಷ ಅವಳು ಬೀಳುವುದನ್ನೇ ಕಲಿತಳು. ಮಂದಾಕಿನಿಯ ಬಾಯಿಯೂ ಸುಮ್ಮನಿರುತ್ತಿರಲಿಲ್ಲ. "ಏಳ ಬಾಳಿ, ಏಳ. ಅಲ್ಲೇ ಮಕ್ಕೊಳ್ಳಾಕಿ ಇದ್ರ ನಿಮ್ಮಾಯಿಗೆ ಕೌದಿ ತರಾಕ ಹೇಳ." ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ಹಾಗೆ ಹಂಗಿಸುವಾಗಲೂ ಬಾಳವ್ವನ ಬಲತೋಳು ಮಂದಾಕಿನಿಯ ಮುಷ್ಟಿಯಲ್ಲಿ ಭದ್ರವಾಗಿರುತ್ತಿತ್ತು. ಗೋಡೆಗೊರಗಿದ್ದ ನಾನು ಅದನ್ನು ಕಂಡೆ. ಬಾಳವ್ವ ಕಾಣಲಿಲ್ಲ, ಅವಳು ಪ್ರತಿ ಸಲವೂ ತಗಡಿನ ಸೂರು ನೋಡುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ನನ್ನ ಬಳಿ ಬರುತ್ತಿದ್ದಳು. ಬೆಳಗಿನಿಂದ ತನ್ನ ಬೆನ್ನಿಗೆ ಬಿದ್ದದ್ದನ್ನೆಲ್ಲ ನನ್ನ ಬೆನ್ನಿಗೆ ದಾಟಿಸುತ್ತಿದ್ದಳು. "ಏಳ ಮಂದಾಕಿನಿ, ಏಳ," ಎಂದು ಒಗೆದು, ಒದ್ದು, ಮತ್ತೆ ಎತ್ತುತ್ತಿದ್ದಳು. ಅವಳ ಅಜ್ಜಿಯ ಮದುವೆಯ ಸೀರೆ ನನ್ನ ಎದೆಯಲ್ಲಿ ಮುದ್ದೆಯಾಗುತ್ತಿತ್ತು. ಹೀಗೇ ಒಂದು ಮಧ್ಯಾಹ್ನ ನನ್ನ ಬಲತೋಳು ಬುಡಸಮೇತ ಕಿತ್ತು ಅವಳ ಕೈಗೆ ಬಂತು.

ಸುದ್ದಿ ಹೇಗೋ ಸತ್ತೆವ್ವನಿಗೆ ಮುಟ್ಟಿತು. ಭಾನುವಾರ ಸೂಜಿ ದಾರ ಹಿಡಿದು, ಕೋಲೂರುತ್ತ, ಚಪ್ಪಲಿ ಹೊರಗೆ ಬಿಟ್ಟು ಗರಡಿಯೊಳಗೆ ಬಂದಳು. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡಳು.

"ಬಾಳಿ, ನಿಮ್ಮ ಮಾಮಾಗ ಡಾಕ್ಟರ್ ಬಂದಾರ ನೋಡ!" ಎಂದಳು ಮಂದಾಕಿನಿ. ಗರಡಿಗೆ ಗರಡಿಯೇ ನಕ್ಕಿತು. ಸತ್ತೆವ್ವನೂ ನಕ್ಕಳು, ಪಾಪ, ಅವಳಿಗೆ ಗೊತ್ತಾಗಲಿಲ್ಲ. ಬಾಳವ್ವನ ಮುಖ ಕೆಂಪಾಯಿತು. ಓಡಿ ಬಂದು ಅಜ್ಜಿಯ ಕೈಯಿಂದ ಸೂಜಿ ಕಸಿದುಕೊಂಡಳು.

"ಯಾರ ಕರದಾರ ನಿನ್ನ? ನಡಿ ಮನಿಗೆ."

"ತೋಳಿಲ್ಲದ್ದನ್ನ ಏನ ಹಿಡದ ಒಗಿತಿ, ಮಗಾ?"

"ತೋಳಿಲ್ದನ ಒಗಿತೀನಿ. ನೀ ನಡಿ!"

ಸತ್ತೆವ್ವ ನನ್ನನ್ನು ಮೆಲ್ಲಗೆ ನೆಲಕ್ಕಿಟ್ಟಳು, ಮಲಗಿದ ಮಗುವನ್ನು ಇಡುವ ಹಾಗೆ. ಹೊರಗೆ ಅವಳ ಚಪ್ಪಲಿ ಹುಡುಕುವ ಕೋಲಿನ ಸದ್ದು ಬಹಳ ಹೊತ್ತು ಕೇಳಿಸಿತು. ಯಾರೂ ಎದ್ದು ಹೋಗಲಿಲ್ಲ.

ನನ್ನ ತೋಳು ಬಾಗಿಲು ಬಡಿಯದಂತೆ ಸಂದಿಗೆ ಇಡುವ ಬಟ್ಟೆಯಾಯಿತು. ಬಾಳವ್ವ ಮಾತು ಉಳಿಸಿಕೊಂಡಳು. ತೋಳಿಲ್ಲದ ನನ್ನನ್ನೇ ಎರಡು ತಿಂಗಳು ಒಗೆದಳು. ಬಲಗೈ ಕೊರಳಪಟ್ಟಿ ಹಿಡಿಯುತ್ತಿತ್ತು. ಎಡಗೈ ನನ್ನ ಭುಜದ ಹರುಕನ್ನು ಚಿವುಟಿ, ಅರ್ಧ ತಿರುಗುವಷ್ಟರಲ್ಲಿ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಹಿಡಿಯಲು ಏನೂ ಇಲ್ಲದ ಮೇಲೆ ಕೈ ಏನು ಮಾಡೀತು? ಎಸೆತ ಮಾತ್ರ ದಿನದಿಂದ ದಿನಕ್ಕೆ ಚುರುಕಾಯಿತು. ಒಂದು ಮಧ್ಯಾಹ್ನ ಬೀಗದ ಕೈ ಮರೆತು ಹಿಂದಿರುಗಿದ ಸರ್ ಅದನ್ನು ನೋಡಿ ಬೆರಗಾದರು.

"ಅರೆ, ಮಿಂಚಿನಂಗ ತಿರಗತೀಯಲ್ಲ! ಆಯ್ಕಿ ದಿನ ನೀನೂ ಇಳಿ."

ಅವರು ಅವಳ ಕಾಲು ನೋಡಿದರು, ಸೊಂಟ ನೋಡಿದರು. ಎಡಗೈ ನೋಡಲಿಲ್ಲ.

ಆಯ್ಕೆಯ ದಿನ ನನ್ನನ್ನು ಗೋಡೆಗೆ ಒರಗಿಸಿದ್ದರು. ಮಂದಾಕಿನಿ ನಗುತ್ತಲೇ ಬಂದು ಹಿಡಿದಳು. ಬಾಳವ್ವ ತಿರುಗಿದಳು, ಕುಸಿದಳು, ಎತ್ತಿದಳು. ಅಂಥ ಎಸೆತವನ್ನು ನಾನು ಆ ಗರಡಿಯಲ್ಲಿ ಕಂಡಿರಲಿಲ್ಲ. ಮಂದಾಕಿನಿಯ ಕಾಲುಗಳು ಸೂರಿನ ಕಡೆ ಹೋದವು. ಆಗ ಬಾಳವ್ವನ ಎಡಗೈ, ನನ್ನ ಮೇಲೆ ಕಲಿತ ಹಾಗೆಯೇ, ಬಿಚ್ಚಿಕೊಂಡಿತು. ಬಿಡುಗಡೆಯಾದ ಬಲಗೈಯನ್ನು ಮಂದಾಕಿನಿ ನೆಲಕ್ಕೆ ಊರಿದಳು. ಅದರ ಮೇಲೆ ಇಡೀ ಮೈ ಬಿತ್ತು. ಹಸಿ ಕೊಂಬೆ ಮುರಿದಂಥ ಸದ್ದು.

ಅಷ್ಟರಲ್ಲಿ ಸರ್ ಕೈ ಮೇಲೆತ್ತಿ "ಇಪ್ಪಾನ್!" ಎಂದಾಗಿತ್ತು. ಪೂರ್ಣ ಅಂಕ. ಬಾಳವ್ವ ಎರಡೂ ಕೈ ಎತ್ತಿ ಕುಣಿಯುತ್ತಿದ್ದಳು. ಹಿಂದೆ ಚೀರಿದ್ದು ಯಾರೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಬೇಕಂತಲೇ ಬಿಟ್ಟಳಾ? ಹುಡುಗಿಯರು ತಿಂಗಳುಗಟ್ಟಲೆ ಗುಸುಗುಸು ಮಾಡಿದರು. ಬಾಯಿದ್ದಿದ್ದರೆ ನಾನು ಸಾಕ್ಷಿ ಹೇಳುತ್ತಿದ್ದೆ, ಅದು ತೋಳಿಲ್ಲದ ನನ್ನ ಮೈ ಕಲಿಸಿದ ಪಾಠ ಎಂದು. ಆದರೆ ಮಧ್ಯಾಹ್ನಗಳಲ್ಲಿ ಅವಳು ನನ್ನನ್ನು ಯಾವ ಹೆಸರಿನಿಂದ ಕರೆಯುತ್ತಿದ್ದಳೆಂದು ಕೇಳಿದ್ದರೆ? ಬಾಯಿಲ್ಲದ್ದೇ ಒಳ್ಳೆಯದಾಯಿತು.

ರಾಜ್ಯದ ಪಂದ್ಯಕ್ಕೆ ಬಾಳವ್ವ ಹೋದಳು. ಮೊದಲ ಸುತ್ತಿನಲ್ಲೇ ಸೋತು ಬಂದಳು. ಎದುರಾಳಿಯ ತೋಳು ಹಿಡಿದವಳು ಎಸೆಯದೆ ಹಾಗೇ ನಿಂತುಬಿಟ್ಟಳಂತೆ.

ಐದು ತಿಂಗಳಾದ ಮೇಲೆ ಮಂದಾಕಿನಿ ತನ್ನ ಬಟ್ಟೆ ಒಯ್ಯಲು ಬಂದಳು. ಬಲಗೈ ಎದೆಯ ಮೇಲಕ್ಕೆ ಏಳುತ್ತಿರಲಿಲ್ಲ. ಗಾಳಿಗೆ ಜಡೆ ಬಿಚ್ಚಿತ್ತು. ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿ ಒಂದೇ ಕೈಯಲ್ಲಿ ಹೆಣೆಯಲು ನೋಡುತ್ತಿದ್ದಳು. ಬಾಳವ್ವ ಹತ್ತಿರ ಹೋದಳು.

"ಅಕ್ಕಾ, ತಾ ಇಲ್ಲೆ. ನಾ ಹೆಣೀತೀನಿ."

ಮಂದಾಕಿನಿ ಬಾಯಿಯಿಂದ ರಿಬ್ಬನ್ನು ತೆಗೆದಳು. ಮೊದಲ ಸಲ ಅವಳ ಮಾತಿನಲ್ಲಿ ಹಂಗಿಸುವ ದನಿ ಇರಲಿಲ್ಲ.

"ವರ್ಷಪೂರ್ತಿ ನಿನ್ನ ಒಗದೀನಿ, ಬಾಳಿ. ಒಂದ ಸಲರ ಕೈ ಬಿಟ್ಟಿದ್ನೇನು?"

ಬಿಚ್ಚಿದ ಜಡೆಯಲ್ಲೇ ಹೋದಳು.

ಆ ಸಂಜೆ ಬಾಳವ್ವ ಬಾಗಿಲ ಸಂದಿಯಿಂದ ನನ್ನ ತೋಳು ತೆಗೆದು ಹೊಲಿದಳು. ಸತ್ತೆವ್ವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಕಲಿಸುವವರಿರಲಿಲ್ಲ. ಹೊಲಿಗೆ ಸೊಟ್ಟ, ತೋಳು ಹಿಂದುಮುಂದು. ಮರುವರ್ಷ ರಬ್ಬರಿನ ಹೊಸ ಗೊಂಬೆ ಬಂತು. ನಾನು ಹಳೆಯ ಮ್ಯಾಟುಗಳ ಹಿಂದಿನ ಮೂಲೆ ಸೇರಿದೆ. ಅಲ್ಲಿಂದ ಕಾಣುತ್ತದೆ: ಸರ್ ಹೊಸ ಹುಡುಗಿಯೊಬ್ಬಳನ್ನು ಬೀಳಲು ನಿಲ್ಲಿಸಿದ್ದಾರೆ.

ಹೊಟ್ಟೆಯಲ್ಲಿ ಈಗ ರೊಟ್ಟಿಯಿಲ್ಲ. ಇಲಿಗಳು ತಿಂದಿವೆ. ತೋಳು ಹರಿದ ವಾರವೇ ಆ ತೂತಿನಿಂದ ಅವು ಒಳಗೆ ಬಂದದ್ದು. ಅಂದರೆ ಆ ಎರಡು ತಿಂಗಳೂ ನಾನು ಹಸಿದಿದ್ದೆ. ಹಸಿದದ್ದು ಏನು ಮಾಡುತ್ತದೆಂದು ಸತ್ತೆವ್ವ ಹೇಳಿದ್ದಳು. ನಾನು ಒಬ್ಬಳನ್ನು ತಿಂದೆನೋ, ಇಬ್ಬರನ್ನೋ?

ಒಮ್ಮೊಮ್ಮೆ ಬಾಳವ್ವ ಬಂದು ನನ್ನ ಪಕ್ಕ ಕೂರುತ್ತಾಳೆ. ಎಡಗೈಯಿಂದ ನನ್ನ ಬಲತೋಳು ಹಿಡಿಯುತ್ತಾಳೆ, ಮೇಲಕ್ಕೆ ಜಗ್ಗಿ, ಸರ್ ಹೇಳಿದ ಹಾಗೆ. ಜಗ್ಗಿದಂತೆ ಭುಜದಲ್ಲಿ ಅವಳದೇ ಹೊಲಿಗೆ ಒಂದೊಂದಾಗಿ ಬಿಟ್ಟುಕೊಳ್ಳುತ್ತಿದೆ. ಅವಳು ಮಾತ್ರ ಬಿಡುವುದಿಲ್ಲ.