ಎಲ್ಲರಿಗೂ ಬೆವರು

ಜೀವಮಾನವೆಲ್ಲ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಕವಾಯತು ಮಾಡಿಸಿದ ಡ್ರಿಲ್ ಮೇಷ್ಟ್ರಿಗೆ, ಮೊಮ್ಮಗಳ ವಯಸ್ಸಿನ ಹುಡುಗಿ "ಮಂಡಿ ಬಗ್ಗಿಸಿ ಸಾರ್" ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳುವ ಗಂಡಸರ ಮೈ ಸೊರಗದಿರಲೆಂದು ಆಸ್ಪತ್ರೆಯವರು ನಡೆಸುವ ವ್ಯಾಯಾಮದ ತರಗತಿ ಅದು.

ಅವತ್ತು ಡಂಬೆಲ್ ಎತ್ತುತ್ತಿದ್ದ ಹಾಗೇ ಮೇಷ್ಟ್ರ ಕಣ್ಣಿಂದ ಬಳಬಳನೆ ನೀರು ಸುರಿಯಿತು. ಕಾರಣವೇ ಇಲ್ಲ, ಎಲ್ಲಾ ಇಂಜೆಕ್ಷನ್ನಿನ ಪ್ರತಾಪ. ನಾಚಿಕೆಯಿಂದ ಅವರು ಹಿಡಿಯಷ್ಟಾದರು.

ಪಕ್ಕದಲ್ಲಿದ್ದ ಬಸ್ ಡ್ರೈವರಿಗೆ ಅದು ಅನುಭವದ ಮಾತೇ. "ಅಬ್ಬಬ್ಬಾ, ಏನ್ ಬೆವರ್ರೀ ಇದು!" ಎಂದು ಟವಲಿನಲ್ಲಿ ಮುಖ ಮುಚ್ಚಿಕೊಂಡ. "ನಂಗೂ ಅಷ್ಟೇ" ಎಂದ ದರ್ಜಿ. ನೋಡನೋಡುತ್ತಿದ್ದಂತೆ, ಫ್ಯಾನಿನ ಕೆಳಗೇ ನಿಂತಿದ್ದ ಅಷ್ಟೂ ಜನರ ಮುಖದ ಮೇಲೆ ಟವಲು. ಅಳುತ್ತಿರುವವರು ಯಾರೆಂದು ದೇವರೇ ಹೇಳಬೇಕು.

ಮೇಷ್ಟ್ರು ನಿಧಾನವಾಗಿ ಮೂಗೊರೆಸಿಕೊಂಡು ಟವಲು ಸರಿಸಿದರು. ಎದುರಿಗೆ ಆ ಹುಡುಗಿ, ಬೆಳಗಿನಿಂದ ಒಂದು ಡಂಬೆಲ್ಲನ್ನೂ ಮುಟ್ಟದವಳು, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನಮ್ಮಾ, ಸುಮ್ನೆ ನಿಂತ್ಕೊಂಡೇ ಬೆವರ್ತೀಯಾ?" ಮೇಷ್ಟ್ರು ಗದರಿದರು. ತಮ್ಮ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟರು. "ಬಾ, ಸಾಲಲ್ಲಿ ನಿಂತ್ಕೋ. ನೀನೂ ಎತ್ತು!"