ಜೋಡಿ ಚಾವಣಿಯ ಬೋಗಿ

ಚಾವಣಿಯ ನಡುವೆ ಇನ್ನೊಂದು ಪುಟ್ಟ ಚಾವಣಿ ಎದ್ದು, ಅದರ ಎರಡೂ ಬದಿಗೆ ಗಾಜಿನ ಕಿಂಡಿಗಳಿದ್ದ ಹಳೆಯ ಬೋಗಿಯೊಂದು ರೈಲು ಸಂಗ್ರಹಾಲಯದ ಶೆಡ್ಡಿಗೆ ಬಂತು. ಅಂಥ ಬೋಗಿಗಳನ್ನು ಓಡಿಸಿದ್ದು ಎರಡೇ ಕಂಪನಿಗಳು. ಬಂದರಿನ ದಾರಿಯವರ ಬಣ್ಣ ಕಡುಗೆಂಪು, ಬೆಟ್ಟದ ದಾರಿಯವರದು ಹಸಿರು. ಇದು ಯಾರದೆಂದು ಯಾರಿಗೂ ತಿಳಿಯದು.

"ಪತ್ತೆ ಮಾಡಿದವರೇ ಕಂಪನಿ ಹೆಸರು ಬರೀಲಿ," ಎಂದರು ಮೇಲ್ವಿಚಾರಕರು.

ಬಣ್ಣದ ಕೆಲಸಕ್ಕಿದ್ದವರು ಅಕ್ಕ, ತಂಗಿ ಇಬ್ಬರೇ. ತಂಗಿಗೆ ಕೆಲಸ ಕೊಡಿಸಿದ್ದು, ಬ್ರಷ್ ಹಿಡಿಯುವುದನ್ನು ಕಲಿಸಿದ್ದು ಅಕ್ಕ. ಆದರೆ ಹೋದ ಸಲ ಎಂಜಿನ್ನಿನ ಮೇಲೆ ಹೆಸರು ಬರೆದದ್ದು ತಂಗಿ. ನೋಡಲು ಬಂದವರು ಆ ಅಕ್ಷರಗಳ ಮುಂದೆ ಫೋಟೊ ತೆಗೆಸಿಕೊಳ್ಳುವಾಗಲೆಲ್ಲ ಅಕ್ಕನ ಹೊಟ್ಟೆ ಉರಿಯುತ್ತಿತ್ತು. ಈ ಬೋಗಿಯಾದರೂ ತನಗೆ ಸಿಗಬೇಕು.

"ಹಸಿರೇ ಇರತ್ತೆ ನೋಡಕ್ಕಾ," ಎಂದಳು ತಂಗಿ.

"ಬೋಗಿ ಬಂದು ನಿನ್ನ ಕಿವೀಲಿ ಹೇಳ್ತಾ?"

"ಹೇಳ್ತು. ನಿಮ್ಮಕ್ಕಂಗೆ ಹೇಳಬೇಡ ಅಂತಾನೂ ಹೇಳ್ತು."

ಅಕ್ಕ ನಗಲಿಲ್ಲ. ತಂಗಿ ಊಟಕ್ಕೆ ಹೋದದ್ದೇ ತಡ, ಬ್ಲೇಡು ಹಿಡಿದು, ಮೂಲ ಬಣ್ಣ ಸಿಗುವತನಕ ಕೆರೆಯಲು ಬಾಗಿಲ ಬಳಿ ಕುಳಿತಳು. ಅಲ್ಲಿ ಬಣ್ಣ ತೆಳುವಾಗಿತ್ತು, ಬೇಗ ಮುಗಿಯುತ್ತಿತ್ತು. ಬೂದು ಹೋಯಿತು, ಕಂದು ಹೋಯಿತು. ಎಲ್ಲಕ್ಕೂ ಕೆಳಗೆ, ಮರಕ್ಕೆ ಅಂಟಿಕೊಂಡು ಕಡುಗೆಂಪು! ಓಡಿಹೋಗಿ ಮೇಲ್ವಿಚಾರಕರನ್ನು ಕರೆತಂದಳು.

ಅವರು ಬಗ್ಗಿ ನೋಡಿದರು. "ಚೆನ್ನಾಗೇ ಕೆರೆದಿದ್ದೀಯಮ್ಮ. ಆದ್ರೆ ಬಾಗಿಲು ಯಾಕೆ ಕೆರೆದೆ? ಅಳತೆ ಒಂದೇ ಅಂತ ರಿಪೇರಿಯಲ್ಲಿ ಅವರ ಬಾಗಿಲು ಇವರಿಗೆ, ಇವರದ್ದು ಅವರಿಗೆ ಹಾಕ್ತಿದ್ರಲ್ಲ!"

ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬಾಗಿಲು ನಂಬಬೇಡ, ಗೋಡೆ ಕೆರೆ ಎಂದು ತಂಗಿಗೆ ಹೇಳಿಕೊಟ್ಟವಳೇ ಅವಳು. ಊಟ ಮುಗಿಸಿ ಬಂದ ತಂಗಿ ಗೋಡೆಯನ್ನೇ ಕೆರೆದಳು. ಹಸಿರು.

ಬೋಗಿಗೆ ಹೊಸ ಹಸಿರು ಬಳಿದು ಒಣಗಿದ ಮೇಲೆ, ತಾನು ಬರೆಯಲಿರುವ ಅಕ್ಷರಗಳಿಗೆ ಗೆರೆ ಹೊಡೆಯಲು ಸುಣ್ಣದ ಪುಡಿ ಸವರಿದ ದಾರದ ಒಂದು ತುದಿಯನ್ನು ತಂಗಿ ಹಿಡಿದಳು, ಇನ್ನೊಂದನ್ನು ಅಕ್ಕ. ತನ್ನ ತುದಿ, ಅಳೆದು ಹಾಕಿದ ಗುರುತಿಗಿಂತ ಒಂದು ಬೆರಳು ಕೆಳಗಿದ್ದದ್ದು ಅಕ್ಕನಿಗೆ ಕಾಣುತ್ತಿತ್ತು.

"ಸರಿ ಇದೆಯೇನಕ್ಕಾ?"

"ಇದೆ."

ತಂಗಿ ದಾರ ಮೀಟಿದಳು. ಬಿಳಿ ಗೆರೆ ಬಿತ್ತು. ಅದನ್ನು ನೋಡುವ ಗೋಜಿಗೂ ಹೋಗದೆ, ಅಕ್ಕನ ಮಾತೊಂದೇ ಸಾಕೆಂಬಂತೆ ಬ್ರಷ್ ಅದ್ದಿದಳು.

"ತಡಿ," ಎಂದಳು ಅಕ್ಕ. ಅಂಗೈಯಿಂದ ಗೆರೆ ಒರೆಸತೊಡಗಿದಳು. "ನನ್ನ ತುದಿ ಇಳಿದಿತ್ತು."

ತಂಗಿ ಅವಳ ಮುಖವನ್ನೇ ನೋಡಿದಳು. "ಅದಾಗೇ ಇಳೀತಾ, ನೀನು ಇಳಿಸಿದ್ಯಾ?"

ಅಕ್ಕ ದಾರವನ್ನು ಗುರುತಿಗೆ ಸರಿಯಾಗಿ ಏರಿಸಿ, ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಎಳೆದು ಹಿಡಿದಳು.

"ಹೊಡಿ," ಎಂದಳು.