ಪುಟ್ಟಲಿಂಗಮ್ಮನಿಗೆ ಬಂದ ಎರಡು ಕಾರ್ಡು

೧

ಎಲ್ಲಿಂದ ಶುರು ಮಾಡಲಿ? ಚಳಿಗಾಲ, ಜನವರಿ ಒಂದು, ಬೆಳಗ್ಗೆ ಎಂಟು ಗಂಟೆ, ಒಂಟಿಕೊಪ್ಪಲ್ ಅಂತ ಬರೆದೆ. ಕಥೆಯ ನಾಯಕ ಪುಟ್ಟಮಾದಯ್ಯ ಒಪ್ಪಲಿಲ್ಲ.

"ಪ್ರೆಸ್ಸಲ್ಲಿ ಮೂವತ್ತೆಂಟು ವರ್ಷ ಲಗ್ನಪತ್ರಿಕೆ ಮಡಚಿದೋನು ನಾನು. ಅಲ್ಲಿಂದ ಶುರು ಮಾಡಿ."

ಆಗಲಿ. ಮಡಚಿದರು. (ಅಷ್ಟೇ. ಅದರಲ್ಲಿ ಕಥೆ ಇಲ್ಲ.)

೨

ಕಥೆ ಇರುವುದು ಎದುರುಮನೆಯಲ್ಲಿ. ಅಲ್ಲಿನ ವೃಷಭೇಂದ್ರಪ್ಪ ರಿಟೈರ್ ಆದಮೇಲೆ ಒಂದು ಪ್ರಿಂಟರ್ ಇಟ್ಟುಕೊಂಡು ಬೀದಿಯವರಿಗೆಲ್ಲ ಆಧಾರ್ ಜೆರಾಕ್ಸ್ ತೆಗೆದುಕೊಡುತ್ತಾರೆ. ಹಾಗೆ ತೆಗೆಯುವಾಗ ಪುಟ್ಟಮಾದಯ್ಯನ ಹೆಂಡತಿ ಪುಟ್ಟಲಿಂಗಮ್ಮನ ಹುಟ್ಟಿದ ತಾರೀಖು ನೋಡಿಕೊಂಡಿದ್ದಾರೆ. ಜನವರಿ ಒಂದು. (ಹುಟ್ಟಿದ ದಿನ ಗೊತ್ತಿಲ್ಲದ ನಮ್ಮ ಕಾಲದವರು ಎಷ್ಟೋ ಜನ ಬರೆಸಿರುವುದು ಅದನ್ನೇ. ಪುಟ್ಟಮಾದಯ್ಯನದೂ ಅದೇ. ಅವರು ಜೆರಾಕ್ಸಿಗೆ ಹೋಗಿರಲಿಲ್ಲ.)

ಆವತ್ತು ಬೆಳಗ್ಗೆ ಒಂದು ಬಿಳಿ ಹಾಳೆ, ನಾಲ್ಕಾಗಿ ಮಡಚಿದ್ದು, ಮೇಲೆ ಗುಲಾಬಿ, ಒಳಗೆ ಹಾರೈಕೆ, ಬಾಗಿಲಿಗೇ ಬಂತು.

೩

"ಒಳಗಿನ ಅಕ್ಷರ ತಲೆಕೆಳಗು!" ಪುಟ್ಟಮಾದಯ್ಯನ ಖುಷಿ ಹೇಳತೀರದು.

"ತಿರುಗಿಸ್ಕೊಂಡು ಓದುದ್ರಾಯ್ತು ಕಣ್ರೀ. ನೆಟ್ಟಗಿರೋದನ್ನ ನೀವು ಯಾವತ್ತು ಕೊಟ್ಟಿದ್ರಿ?"

ಕಾರ್ಡು ದೇವರ ಫೋಟೋ ಪಕ್ಕ ಕೂತಿತು. ಮೂರು ದಿನ ಪುಟ್ಟಮಾದಯ್ಯ ದೇವರಿಗೆ ಕೈಮುಗಿದಾಗಲೆಲ್ಲ ವೃಷಭೇಂದ್ರಪ್ಪನ ಗುಲಾಬಿಗೂ ಮುಗಿದಂತಾಯಿತು.

(ಒಂದು ಡ್ರಾಫ್ಟಿನಲ್ಲಿ ಅದನ್ನು ಒಲೆಗೆ ಹಾಕಿಸಿದ್ದೆ. "ನಾನಂಥೋನಲ್ಲ" ಅಂತ ಜಗಳಕ್ಕೆ ಬಂದರು.

"ಅವರಿಗೆ ಪ್ರಿಂಟರ್ ಕೊಟ್ರಿ. ನಂಗ್ಯಾಕೆ ಹೊಟ್ಟೆಕಿಚ್ಚು ಕೊಟ್ರಿ?"

"ನನ್ನತ್ರ ಧಾರಾಳವಾಗಿದ್ದದ್ದು ಅದೊಂದೇ, ಮಾದಯ್ಯ.")

೪

ನಾಲ್ಕನೇ ದಿನ, ತಾವೂ ಒಂದು ಕಾರ್ಡು ಮಾಡಿಸಲು, ಪುಟ್ಟಮಾದಯ್ಯ ಆ ಎದುರುಮನೆಗೇ ಹೋಗಬೇಕಾಯಿತು. ಪ್ರಿಂಟರ್ ಇರುವುದು ಅಲ್ಲೇ ತಾನೆ.

"ಹಾಳೆಯ ಮೇಲಿನರ್ಧ ಹಿಂದಕ್ಕೆ ಬಗ್ಗುತ್ತೆ ಸ್ವಾಮಿ. ಒಳಗಿನ ಬರಹನ ಅಲ್ಲಿ ತಲೆಕೆಳಗಾಗಿ ಹೊಡೀರಿ. ಮಡಚಿದಾಗ ನೆಟ್ಟಗೆ ಬರುತ್ತೆ."

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತೆ ಮಾದಯ್ನೋರೆ! ಇನ್ಮೇಲೆ ಎಲ್ಲರ ಕಾರ್ಡೂ ಸರಿಯಾಯ್ತು ಬಿಡಿ!"

ಮೂವತ್ತೆಂಟು ವರ್ಷದ ವಿದ್ಯೆ ಒಂದೇ ಮಾತಿನಲ್ಲಿ ಶತ್ರುವಿನ ಪಾಲಾಯಿತು. ಹೊಟ್ಟೆಯಲ್ಲಿ ಇನ್ನೊಂದು ಕೆಂಡ.

"ಮೇಲೆ ಯಜಮಾನ್ತಿ ಹೆಸರು ಹಾಕ್ದೆ. ಒಳಗೇನಂತ ಹಾಕ್ಲಿ?"

ಪುಟ್ಟಮಾದಯ್ಯ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಹೆಂಡತಿಗೆ ಹೇಳುವ ಮಾತನ್ನು ಇನ್ನೊಬ್ಬ ಗಂಡಸಿನ ಎದುರು ಆಡುವುದು ಹೇಗೆ?

"ಖಾಲಿ ಬುಡಿ," ಅಂದರು.

೫

"ಒಳಗೇನೂ ಇಲ್ವಲ್ರೀ?"

"ಮಡಿಕೆ ನೋಡೇ. ಕೂದಲೆಳೆಯಷ್ಟೂ ಆಚೆಈಚೆ ಇಲ್ಲ."

ಪುಟ್ಟಲಿಂಗಮ್ಮ ಅಂಚಿನುದ್ದಕ್ಕೂ ಬೆರಳಾಡಿಸಿದರು. ಕಣ್ಣು ತುಂಬಿಬಂತು ಅಂತ ಬರೆದೆ.

"ನಾನ್ಯಾಕೆ ಅಳ್ಲಿ? ಹೊಡೆದಾಕಿ ಅದನ್ನ."

ಹೊಡೆದುಹಾಕಿದೆ. ಈ ಕಾರ್ಡೂ ದೇವರ ಹತ್ತಿರವೇ ಹೋಯಿತು, ಫೋಟೋದ ಇನ್ನೊಂದು ಪಕ್ಕಕ್ಕೆ.

೬

ಮುಕ್ತಾಯ ಎರಡು ಬರೆದಿಟ್ಟಿದ್ದೆ. ಒಂದರಲ್ಲಿ ಆಕೆ ಇಲವಾಲದ ತಂಗಿ ಮನೆಗೆ ಗಂಡನ ಕಾರ್ಡು ಒಯ್ಯುತ್ತಾರೆ. ಇನ್ನೊಂದರಲ್ಲಿ ಗುಲಾಬಿಯದನ್ನು. ಎರಡೂ ಸುಳ್ಳಾದವು. ಪುಟ್ಟಮಾದಯ್ಯ ಈಗಲೂ ಬೆನ್ನು ಬಿಟ್ಟಿಲ್ಲ.

"ತಂಗಿಗೆ ಮೊದಲು ಯಾವುದನ್ನ ತೋರ್ಸಿದ್ಲು? ಅಷ್ಟು ಹೇಳ್ಬುಡಿ ಸಾಕು."

ನಾನು ಇಲವಾಲಕ್ಕೆ ಹೋಗಿಲ್ಲ. ಹೋಗುವುದೂ ಇಲ್ಲ. ಗೊತ್ತಿರುವುದಿಷ್ಟು: ಪುಟ್ಟಲಿಂಗಮ್ಮ ಹೊರಟದ್ದು ಭಾನುವಾರ, ಎರಡು ಕಾರ್ಡನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು.